ಆರು ಜನರ ಗುಂಪಿನಲ್ಲಿ ಇಬ್ಬರು

ತೆಲಂಗಾಣ ಚಳವಳಿ ಕಾವೇರಿದ್ದ ವರ್ಷದ ಜೂನ್ ತಿಂಗಳಲ್ಲಿ, ಜಹೀರಾಬಾದಿನ ಬಸ್ ನಿಲ್ದಾಣದ ಹಿಂದಿನ ಶಾಲೆಯೊಂದರಲ್ಲಿ, ಚರಿತ್ರೆ ಗಂಭೀರವಾಗಿ ಗಮನಿಸಬೇಕಾಗಿದ್ದ ಘಟನೆಯೊಂದು ನಡೆಯಿತು. ರಾಜ್ಯ ಒಡೆಯುವ ಮಾತು, ರೈಲು ನಿಲ್ಲಿಸುವುದು, ಹೆದ್ದಾರಿಯ ನಡುವೆ ಒಲೆ ಹೂಡಿ ಅಡುಗೆ ಮಾಡಿ ಉಣ್ಣುವುದು, ಇವೆಲ್ಲ ಆಗ ದಿನನಿತ್ಯದ ಸಂಗತಿಗಳು. ಅವನ್ನು ಬರೆದುಕೊಳ್ಳಲು ಪತ್ರಿಕೆಯವರಿದ್ದರು. ಇದನ್ನು ಬರೆದುಕೊಳ್ಳಲು ಯಾರೂ ಬರಲಿಲ್ಲ. ಆ ಸೋಮವಾರ ಬೆಳಿಗ್ಗೆ, ಸರಕಾರಿ ತರಬೇತಿ ಎಂಬುದು ಹುಟ್ಟಿದಂದಿನಿಂದ ಸಾಲಿನಲ್ಲೇ ನಿಂತು ಅಭ್ಯಾಸವಾಗಿದ್ದ ಪ್ಲಾಸ್ಟಿಕ್ ಕುರ್ಚಿಗಳನ್ನು ಎಬ್ಬಿಸಿ, ಆರಾರರಂತೆ ಗುಂಡಗೆ ಇರಿಸಲಾಯಿತು.

ಇರಿಸಿದವನು ವೀರಭದ್ರ. ತಾಂಡೂರಿನವನು, ಬಶೀರಾಬಾದಿನಿಂದಾಚೆಯ ಹಳ್ಳಿಯೊಂದರ ಕನ್ನಡ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರ. ಇಸ್ತ್ರಿ ಹಾಕಿದ ಅಂಗಿ, ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಮೂರು ಬಣ್ಣದ ಸ್ಕೆಚ್ ಪೆನ್ನು. ಬೇಸಿಗೆಯಲ್ಲಿ ಹೈದರಾಬಾದಿಗೆ ಹೋಗಿ, ತರಬೇತಿ ಕೊಡುವುದು ಹೇಗೆ ಎಂಬ ವಿಷಯದಲ್ಲಿ ತರಬೇತಿ ಪಡೆದು ಬಂದಿದ್ದ. ಹೋಗುವಾಗ ಬರೀ ಮಾಸ್ತರನಾಗಿದ್ದವನು ಬರುವಾಗ ಸುಗಮಕಾರನಾಗಿದ್ದ. ಅಲ್ಲಿಂದ ತಂದ ಸರಕು ಹೆಚ್ಚೇನಿಲ್ಲ. ದೊಡ್ಡ ಗುಂಪಿನಲ್ಲಿ ಮನುಷ್ಯ ಕಲಿಯುವುದಿಲ್ಲ, ಸಣ್ಣ ಗುಂಪಿನಲ್ಲಿ ಕಲಿಯುತ್ತಾನೆ. ಕಲಿಸುವವನು ಹತ್ತಿರ ಹೋದಷ್ಟೂ ಕಲಿಕೆ ಹೆದರಿ ಓಡುತ್ತದೆ, ಆದ್ದರಿಂದ ಅವನು ದೂರ ನಿಲ್ಲಬೇಕು. ಈ ಎರಡನೆಯ ಮಾತು ವೀರಭದ್ರನಿಗೆ ಬಹಳ ಹಿಡಿಸಿತ್ತು. ತನ್ನ ಶಾಲೆಯ ಮೂರನೆಯ ತರಗತಿಯಿಂದ ದೂರ ನಿಲ್ಲುವ ಪ್ರಯತ್ನವನ್ನು ಅವನು ನೌಕರಿಗೆ ಸೇರಿದಂದಿನಿಂದಲೂ ನಿಷ್ಠೆಯಿಂದ ಮಾಡುತ್ತ ಬಂದಿದ್ದ.

ಈಗ ಆ ಪ್ರಯತ್ನ ಕೈಗೂಡುವ ಕಾಲ ಬಂದಿತ್ತು. ಗಡಿಯ ಎರಡು ಜಿಲ್ಲೆಗಳ ಕನ್ನಡ ಶಾಲೆಗಳಿಗೆಂದು ವಿಕಾರಾಬಾದಿನಲ್ಲಿ ಒಬ್ಬ ಕಾಯಂ ತರಬೇತುದಾರನ ಜಾಗ ಹುಟ್ಟಿಕೊಂಡಿತ್ತು. ಹುಡುಗರಿಲ್ಲ, ಗಂಟೆಯಿಲ್ಲ, ಮಧ್ಯಾಹ್ನದ ಊಟದ ಉಸಾಬರಿಯಿಲ್ಲ. ಒಂದು ಮೇಜು, ತಲೆಯ ಮೇಲೆ ಫ್ಯಾನು, ಕೂಗಳತೆಯಲ್ಲಿ ರೈಲು ನಿಲ್ದಾಣ. ಜಾಗ ಯಾರಿಗೆ ಎಂದು ನಿರ್ಧರಿಸುವವರು ಹೈದರಾಬಾದಿನ ಅಧಿಕಾರಿ ಭೂದೇವಿ ಮೇಡಂ. ಅವರು ಗುರುವಾರ ಜಹೀರಾಬಾದಿಗೆ ಬಂದು, ವೀರಭದ್ರನ ಸಣ್ಣ ಗುಂಪುಗಳು ನಿಜಕ್ಕೂ ಕೆಲಸ ಮಾಡುತ್ತವೆಯೋ ಇಲ್ಲವೋ ಎಂದು ಕಣ್ಣಾರೆ ನೋಡುವವರಿದ್ದರು. ಮೆಚ್ಚಿದರೆ ವಿಕಾರಾಬಾದು, ಮೆಚ್ಚದಿದ್ದರೆ ಮತ್ತೆ ಮೂರನೆಯ ತರಗತಿ.

ತಾಂಡೂರಿನಲ್ಲಿ ಅವನ ಹೆಂಡತಿ ಶಾಂತಾಬಾಯಿಯ ಮಟ್ಟಿಗೆ ಮೇಡಂ ಮೆಚ್ಚಿ ಆಗಿತ್ತು. ಅವಳು ಓಣಿಗೆಲ್ಲ ಪೇಢೆ ಹಂಚಿ, ವಿಕಾರಾಬಾದಿನಲ್ಲಿ ಮನೆಯೊಂದನ್ನು ನೋಡಿ ಬಂದು, ತೊಗರಿ ವ್ಯಾಪಾರಿಯಾದ ತಂದೆ ಶಾಂತಪ್ಪನಿಗೆ ಸಾಮಾನು ಸಾಗಿಸುವ ಲಾರಿ ಗೊತ್ತು ಮಾಡಲು ಹೇಳಿದ್ದಳು.

"ನಮ್ಮವರು ಆಫೀಸರ್ ಆದ್ರ್ಯವ್ವಾ," ಎಂದು ಅವಳು ನೆರೆಮನೆಯವಳಿಗೆ ಹೇಳುವುದು, ಫೋನು ಹಿಡಿದುಕೊಂಡಿದ್ದ ವೀರಭದ್ರನಿಗೆ ಕೇಳಿಸಿತ್ತು. ಅವನು ತಿದ್ದಿರಲಿಲ್ಲ.

ಜಹೀರಾಬಾದು, ನಾರಾಯಣಖೇಡ, ತಾಂಡೂರು, ಈ ಮೂರೂ ಕಡೆಯ ಕನ್ನಡ ಶಾಲೆಗಳ ಮಾಸ್ತರರನ್ನೆಲ್ಲ ಶಾಲೆಯ ಸಭೆಯ ಹಾಲಿನಲ್ಲಿ ಕೂರಿಸಿದರೂ ಅದು ತುಂಬುತ್ತಿರಲಿಲ್ಲ. ಇಪ್ಪತ್ತನಾಲ್ಕು ಜನ ಸೇರಿದ್ದರು. ಆರರಂತೆ ನಾಲ್ಕು ಗುಂಪು. ವೀರಭದ್ರ ಹೈದರಾಬಾದಿನಲ್ಲಿ ಕಲಿತ ಹಾಗೆ, ಕೂತವರನ್ನು ಸಾಲಾಗಿ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಲು ಹೇಳಿದ. ಎಣಿಸಿದರು. ಒಂದು ಎಂದವರು ಒಂದು ಕಡೆ, ಎರಡು ಎಂದವರು ಇನ್ನೊಂದು ಕಡೆ ಕೂರಬೇಕು ಎಂದ. ಎಲ್ಲರೂ ವಿಧೇಯರಾಗಿ ಎದ್ದು, ಕುರ್ಚಿ ಎತ್ತಿಕೊಂಡು ಹಾಲಿನ ತುಂಬ ಒಂದು ಸುತ್ತು ಬಂದು, ಮೊದಲು ಯಾರ ಪಕ್ಕದಲ್ಲಿದ್ದರೋ ಅವರ ಪಕ್ಕದಲ್ಲೇ ಹೋಗಿ ಕೂತರು.

"ನಿಮ್ಮ ಸಂಖ್ಯೆ ಮೂರಲ್ಲವೇ? ಒಂದನೆಯ ಗುಂಪಿನಲ್ಲಿ ಏಕೆ ಕುಳಿತಿದ್ದೀರಿ?" ಎಂದು ವೀರಭದ್ರ ನಾರಾಯಣಖೇಡದ ಪ್ರೇಮಕುಮಾರನನ್ನು ಕೇಳಿದ. ಸುಗಮಕಾರನಾದ ಮೇಲೆ ಅವನ ಬಾಯಿಂದ ಇಂಥ ಪುಸ್ತಕದ ಕನ್ನಡ ಬರುತ್ತಿತ್ತು. ಸಿಟ್ಟು ಬಂದಾಗ ಮಾತ್ರ ತಾಂಡೂರು ಹೊರಗೆ ಬೀಳುತ್ತಿತ್ತು.

"ನಾ ಮೂರೇರಿ ಸರ್. ಲೇಕಿನ್ ನಮ್ಮ ಜೀಪ್ ಒಂದನೇ ಗುಂಪದಾಗ ಅದ."

"ಜೀಪೇ?"

"ಖೇಡದವ್ರು ಒಂದೇ ಜೀಪಿನಾಗ ಬಂದೀವ್ರಿ. ಬಸ್ಸಿನ ಭರೋಸಾ ಇಲ್ಲ. ಬಂದ್ ಅಂತ ಸುದ್ದಿ ಬಂದ್ರ ಎದ್ದು ಓಡಬೇಕು. ನಾ ಆಕಡಿ ಮೂರನೇ ಗುಂಪದಾಗ ಬರಕೋತ ಕುಂತ್ರ, ಉಳದ ಮಂದಿ ನನ್ನ ಸಲುವಾಗಿ ಹಾದಿ ಕಾಯ್ಬೇಕೇನ್ರಿ?"

ಹೈದರಾಬಾದಿನಲ್ಲಿ ಜೀಪಿನ ಬಗ್ಗೆ ಏನೂ ಹೇಳಿಕೊಟ್ಟಿರಲಿಲ್ಲ. ವೀರಭದ್ರ ಸ್ವಲ್ಪ ಯೋಚಿಸಿ, ಇವು ಸಹಜವಾಗಿ ರೂಪುಗೊಂಡ ಗುಂಪುಗಳು ಎಂದು ಘೋಷಿಸಿ ಮುಂದೆ ಹೋದ. ಹೀಗೆ ನಾರಾಯಣಖೇಡದ್ದು ಒಂದು, ತಾಂಡೂರಿನದು ಒಂದು, ಜಹೀರಾಬಾದ್ ಪೇಟೆಯದು ಒಂದು, ಮೊಗುಡಂಪಲ್ಲಿ ಕಡೆಯದು ಒಂದು, ನಾಲ್ಕು ಗುಂಪುಗಳು ಅವನ ನೆರವಿಲ್ಲದೆ ಹುಟ್ಟಿದವು.

ಆಮೇಲೆ ಜವಾಬ್ದಾರಿಗಳ ಹಂಚಿಕೆ. ಪ್ರತಿ ಗುಂಪಿಗೂ ಒಬ್ಬ ನಾಯಕ, ಒಬ್ಬ ಬರಹಗಾರ, ಒಬ್ಬ ಮಂಡಿಸುವವ, ಒಬ್ಬ ಸಮಯ ನೋಡುವವ, ಒಬ್ಬ ಪ್ರೋತ್ಸಾಹಕ, ಒಬ್ಬ ವೀಕ್ಷಕ. ನಾಯಕರನ್ನು ಆರಿಸುವಾಗ ವೀರಭದ್ರನ ಕಣ್ಣು ತಾನಾಗಿಯೇ ವಿಭೂತಿಯಿದ್ದ ಹಣೆಗಳ ಮೇಲೆ ಹೋಗಿ ನಿಲ್ಲುತ್ತಿತ್ತು. ಅದು ಕಣ್ಣಿನ ಅಭ್ಯಾಸ. ಅದಕ್ಕೆ ಅವನೇನು ಮಾಡಲಾದೀತು. ಮೊಗುಡಂಪಲ್ಲಿ ಗುಂಪಿನಲ್ಲಿ ಅಂಥ ಹಣೆ ಇದ್ದದ್ದು ಮಾತೇ ಆಡದ ಒಬ್ಬ ಮುದುಕರದು. ಅವರೇ ನಾಯಕರಾದರು. ಅವರ ಪಕ್ಕದಲ್ಲಿ ಕೂತಿದ್ದ ಶಿಲ್ಪಾರಾಣಿಯನ್ನು, "ನಿಮ್ಮ ಅಕ್ಷರ ದುಂಡಗಿರಬಹುದು," ಎಂದು ಬರಹಗಾರಳನ್ನಾಗಿ ಮಾಡಿದ. ಅವಳ ಅಕ್ಷರವನ್ನು ಅವನು ನೋಡಿರಲಿಲ್ಲ.

"ಸರ್, ಪ್ರೋತ್ಸಾಹಕ ಅಂದ್ರ ಏನ್ ಮಾಡಬೇಕ್ರಿ?" ಎಂದ ಅದೇ ಗುಂಪಿನ ಬೀರಣ್ಣ. ನಿವೃತ್ತಿಗೆ ಹತ್ತಿರವಾಗಿದ್ದ, ಯಾವ ತರಬೇತಿಯಿಂದಲೂ ಏನೂ ತಗುಲದಂತೆ ಹೊರಗೆ ಬರುವುದರಲ್ಲಿ ಪಳಗಿದ್ದ ಮಾಸ್ತರ.

"ಉಳಿದವರಲ್ಲಿ ಹುರುಪು ತುಂಬಬೇಕು."

"ಹಂಗಾರ ಚಾ ತರಸ್ತೀನಿ," ಎಂದು ಬೀರಣ್ಣ ಎದ್ದ. ಗುಂಪಿನಲ್ಲಿ ತನ್ನ ಕೆಲಸವನ್ನು ಪೂರ್ತಿ ಅರ್ಥ ಮಾಡಿಕೊಂಡಿದ್ದವನು ಅಂದು ಅವನೊಬ್ಬನೇ.

ಮೊದಲ ದಿನ ನಡೆದದ್ದು ಎಲ್ಲ ತರಬೇತಿಗಳಲ್ಲೂ ನಡೆಯುವಂಥದೇ. ಆರು ಜನರಲ್ಲಿ ಒಬ್ಬರು ಚಾರ್ಟಿನ ಮೇಲೆ ಬಾಗಿ ಬರೆದರು, ಒಬ್ಬರು ಬರೆಯುವವರಿಗೆ ಅಡ್ಡಬಾಯಿ ಹಾಕಿದರು, ಉಳಿದ ನಾಲ್ವರು ತೆಲಂಗಾಣ ಬರುತ್ತದೆಯೇ, ಬಂದರೆ ಗಡಿಯ ಕನ್ನಡದವರ ಗತಿಯೇನು, ಶುಂಠಿಯ ಧಾರಣೆ ಏನಾಯಿತು ಎಂದು ಚರ್ಚಿಸುತ್ತ ಹಲ್ಲಿನ ಸಂದಿಯ ಶೇಂಗಾ ತೆಗೆದರು. ನಾಲ್ಕೂ ಚಾರ್ಟುಗಳಲ್ಲಿ ಒಂದೇ ವಾಕ್ಯಗಳು ಬೇರೆ ಬೇರೆ ಬಣ್ಣಗಳಲ್ಲಿದ್ದವು. ಮಂಡಿಸಿದ ನಾಲ್ವರೂ ಕೊನೆಯಲ್ಲಿ "ಜೈ ತೆಲಂಗಾಣ" ಎಂದರು. ಸಭೆ ಚಪ್ಪಾಳೆ ತಟ್ಟಿತು. ಜೈ ತೆಲಂಗಾಣ ಎಂದಾದ ಮೇಲೆ ಎದ್ದು ನಿಂತು ಚಾರ್ಟಿನಲ್ಲಿ ತಪ್ಪು ಹುಡುಕುವ ಎದೆ ಆ ವರ್ಷ ಆ ಊರಿನಲ್ಲಿ ಯಾವ ಸುಗಮಕಾರನಿಗೂ ಇರಲಿಲ್ಲ. ವೀರಭದ್ರನೂ ತಟ್ಟಿದ.

ಆದರೆ ಅವನಿಗೆ ದಿಗಿಲಾಯಿತು. ಮೇಡಂ ಬಂದಾಗ ನಾಲ್ವರು ಹಲ್ಲು ಕೆದಕುತ್ತ ಕೂತಿದ್ದರೆ ವಿಕಾರಾಬಾದಿನ ಗತಿ? ಇಂಥ ಮಂದಿಯನ್ನು ಕಟ್ಟಿಕೊಂಡು ದೊಡ್ಡ ವಿದ್ಯೆಯನ್ನು ತೋರಿಸುವುದು ಹೇಗೆ ಎಂದು ತನ್ನ ಬಗ್ಗೆ ತಾನೇ ಮರುಗಿದ. ಕೊನೆಗೆ ಹೈದರಾಬಾದಿನ ಪಾಠ ನೆನಪಾಯಿತು: ತಾನು ಇನ್ನೂ ದೂರ ನಿಲ್ಲಬೇಕು. ಸಂಜೆ ಸಹಿ ಹಾಕಿಸಿಕೊಳ್ಳುವಾಗ ಘೋಷಿಸಿದ.

"ನಾಳೆಯಿಂದ ಗುಂಪುಗಳು ತಮ್ಮ ಮನಸ್ಸಿಗೆ ಮುಕ್ತವೆನಿಸುವ ಯಾವ ಸ್ಥಳದಲ್ಲಾದರೂ ಕುಳಿತು ಕೆಲಸ ಮಾಡಬಹುದು. ನಾನು ನಡುವೆ ಬರುವುದಿಲ್ಲ."

"ಯಾವ ಜಾಗಾದಾಗಾದ್ರೂ ಅಂದ್ರ, ಕಂಪೌಂಡಿನ ಒಳಗರಿ?" ಎಂದು ಕೇಳಿದಳು ಶಿಲ್ಪಾರಾಣಿ.

"ಅದನ್ನು ನಿಮ್ಮ ವಿವೇಚನೆಗೆ ಬಿಟ್ಟಿದ್ದೇನೆ," ಎಂದ ವೀರಭದ್ರ. ಬಹಳ ಒಳ್ಳೆಯ ವಾಕ್ಯ ಹೇಳಿದೆ ಎಂದು ಅವನಿಗೆ ಅನಿಸಿತು.

ಶಿಲ್ಪಾರಾಣಿ ಮೊಗುಡಂಪಲ್ಲಿ ಕಡೆಯ, ಇಬ್ಬರೇ ಮಾಸ್ತರರಿರುವ ಶಾಲೆಯೊಂದರವಳು. ಊರಿನ ದಲಿತರ, ಈಗ ಬೌದ್ಧರ, ಓಣಿಯವಳು. ಅಪ್ಪ ಪೋಚಪ್ಪ ಕಬ್ಬು ಕಡಿದು ಓದಿಸಿದ್ದ. ಅವಳ ಬಾಯಿಗೆ ಮಾಸ್ತರರ ಸಂಘದವರೆಲ್ಲ ಹೆದರುತ್ತಿದ್ದರು. ಚಳವಳಿಯಲ್ಲಿ ಅವಳಿಗೆ ವಹಿಸಿದ್ದ ಕೆಲಸ ಬೇರೆ ಯಾರೂ ಮಾಡಲೊಪ್ಪದ್ದು: ಬಸ್ ನಿಲ್ದಾಣದ ಎದುರಿನ ನಿರಾಹಾರ ದೀಕ್ಷೆಯ ಟೆಂಟಿನಲ್ಲಿ ಮಾಸ್ತರರ ಪಾಳಿ ಖಾಲಿ ಬೀಳದಂತೆ ನೋಡಿಕೊಳ್ಳುವುದು. ಟೆಂಟಿನ ಉಪವಾಸವೆಂದರೆ ಒಬ್ಬನೇ ಸಾಯುವ ತನಕ ಕೂರುವುದಲ್ಲ. ಇವತ್ತು ಇವರು, ನಾಳೆ ಅವರು, ಬೆಳಿಗ್ಗೆ ಕೊರಳಿಗೆ ಚೆಂಡುಹೂವಿನ ಹಾರ ಹಾಕಿಕೊಂಡು ಕೂತವರು ಸಂಜೆ ನಿಂಬೆ ಶರಬತ್ತು ಕುಡಿದು ಏಳುವುದು. ಹೀಗೆ ಒಂದು ವರ್ಷದಿಂದ ಟೆಂಟು ಉಪವಾಸವಿತ್ತು, ಮಾಸ್ತರರು ಉಂಡುಕೊಂಡು ಚೆನ್ನಾಗಿದ್ದರು. ನಡುವೆ ಯಾರಿಗಾದರೂ ಕೆಲಸ ಬಂದರೆ ಇನ್ನೊಬ್ಬರು ಬಂದು ಹಾರ ಹಾಕಿಕೊಳ್ಳುತ್ತಿದ್ದರು. ಹಾರದ ಕೆಳಗೆ ಒಂದು ಕೊರಳಿದ್ದರೆ ಸಾಕಿತ್ತು.

ಆ ಸಂಜೆ ಚಹದ ಅಂಗಡಿಯಲ್ಲಿ ಕೂಟ ಸೇರಿತು. ಮೃಗಶಿರ ಮಳೆ ಬಿದ್ದು ಹೊಲ ಹದಕ್ಕೆ ಬಂದಿತ್ತು. ಸರಕಾರಿ ಸೋಯಾ ಬೀಜಕ್ಕೆ ಸರದಿ ನಿಲ್ಲಬೇಕಿತ್ತು. ನಾರಾಯಣಖೇಡದ ಕೌಶಲ್ಯಾ ಟೀಚರು ಮಗಳನ್ನು ಬೀದರಿನ ಕಾಲೇಜಿಗೆ ಸೇರಿಸಬೇಕಿತ್ತು. ಇಷ್ಟೆಲ್ಲ ಇರುವಾಗ ಐದು ದಿನ ಚಾರ್ಟು ಬರೆಯುತ್ತ ಕೂರುವುದು ಹೇಗೆ ಎಂದು ಎಲ್ಲರೂ ಗೊಣಗುತ್ತಿದ್ದರು.

"ಎಲ್ಲಾರೂ ಯಾಕ ಕುಂಡ್ರಬೇಕು?" ಎಂದಳು ಶಿಲ್ಪಾರಾಣಿ. "ಗುಂಪಿಗಿ ಇಬ್ಬರು ಕುಂಡ್ರಿ, ನಾಕು ಮಂದಿ ಹೋಗ್ರಿ. ಊಟದ ಹೊತ್ತಿಗಿ ಬಂದು ಪಾಳಿ ಬದಲಿ ಮಾಡ್ರಿ. ಮುಂಜಾನಿ ಸಹಿಗೂ ಸಂಜೀ ಸಹಿಗೂ ಎಲ್ಲಾರೂ ಹಾಜರ್. ತೆಲಂಗಾಣನೇ ಹಂಗ ನಡದದ, ಈ ಚಾರ್ಟ್ ನಡಿಯಂಗಿಲ್ಲೇನು?"

"ಸರ್ ನೋಡಿದ್ರ?" ಎಂದಳು ಕೌಶಲ್ಯಾ.

"ಅವರು ದೂರ ನಿಂದ್ರೋದು ಕಲ್ತು ಬಂದಾರಲ್ರಿ ಅಕ್ಕಾ. ಪಾಪ, ಹೈದರಾಬಾದ್ ತನಕ ಹೋಗಿ ಕಲ್ತಾರ."

ಬೀರಣ್ಣ ಬಾಯಿ ತುಂಬ ನಕ್ಕ. ಶಿಲ್ಪಾರಾಣಿ ನಗಲಿಲ್ಲ.

"ಒಂದ್ ಮಾತು. ಏಳಾಂವ ಕುಂಡ್ರಾಂವಗ ಎಲ್ಲಾ ಹೇಳೇ ಏಳಬೇಕು. ಎಲ್ಲಿತನ ಆಗ್ಯದ, ಎಲ್ಲಿ ತಟ್ಟಿ ನಿಂತದ, ಎಲ್ಲಾ. ಅವತ್ತ ಟೆಂಟಿನಾಗ ಪೇಪರಿನಾಂವ ಬಂದು ಬೇಡಿಕಿ ಏನ್ರಿ ಅಂದ್ರ, ನಮ್ಮ ಬೀರಣ್ಣ ಸರ್ ಏನಂದ್ರು ನೆನಪದನು? ನಂಗೊತ್ತಿಲ್ಲಪ, ನಾ ಈಗ ಬಂದು ಕುಂತೀನಿ ಅಂದ್ರು. ಮಾನ ಹೋತು."

"ಅದನ್ನ ಇನ್ನಾ ಬಿಡವಲ್ಲಿ ನೋಡು ತಂಗಿ," ಎಂದ ಬೀರಣ್ಣ.

ಮರುದಿನದಿಂದ ತರಬೇತಿಯ ಗುಣಮಟ್ಟ ಕಣ್ಣಿಗೆ ಕಾಣುವಂತೆ ಏರಿತು. ಒಂದು ಗುಂಪು ಸೈಕಲ್ ಸ್ಟ್ಯಾಂಡಿನಲ್ಲಿ, ಒಂದು ಪಡಸಾಲೆಯ ಮೂಲೆಯಲ್ಲಿ, ಒಂದು ಬಿಸಿಯೂಟದ ಕೋಣೆಯಲ್ಲಿ, ಒಂದು ಹಾಲಿನ ಹಿಂದೆ. ಗದ್ದಲವಿಲ್ಲ, ಶೇಂಗಾ ಸಿಪ್ಪೆಯಿಲ್ಲ. ಅದಕ್ಕೆ ಕಾರಣ ಸರಳ. ಆರು ಜನ ಕೂತಾಗ ನಾಲ್ವರಿಗೆ ಕೆಲಸವಿರಲಿಲ್ಲ. ಇಬ್ಬರೇ ಕೂತಾಗ ಒಬ್ಬರು ಹಲ್ಲು ಕೆದಕಿದರೂ ಇನ್ನೊಬ್ಬರಿಗೆ ಗೊತ್ತಾಗುತ್ತಿತ್ತು. ಪಾಳಿಗೆ ಬರುವವರಿಗೆ ಹೇಳಿ ಏಳಬೇಕಾದ್ದರಿಂದ ಹೇಳಲು ಏನಾದರೂ ಇರಬೇಕಾಗುತ್ತಿತ್ತು. ಸಂಜೆಯ ಮಂಡನೆಯಲ್ಲಿ ನಾಲ್ಕು ಗುಂಪುಗಳೂ ನಾಲ್ಕು ಬೇರೆ ಮಾತು ಹೇಳಿದವು. ಹೀಗಾಗುವುದು ಸಾಧ್ಯವೆಂದು ವೀರಭದ್ರನೇ ನಂಬಿರಲಿಲ್ಲ.

ಅವನು ದಿನವಿಡೀ ಹೆಡ್‌ಮಾಸ್ತರರ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತು ದೂರ ನಿಂತಿದ್ದ. ಆಗೊಮ್ಮೆ ಈಗೊಮ್ಮೆ ಕಿಟಕಿಯಿಂದ ನೋಡಿದರೆ, ಸೈಕಲ್ ಸ್ಟ್ಯಾಂಡಿನಲ್ಲಿ ತಲೆ ಬಗ್ಗಿಸಿದ ಒಂದೆರಡು ಬೆನ್ನು ಕಾಣುತ್ತಿದ್ದವು. ಉಳಿದ ಬೆನ್ನುಗಳು ಕಂಬದ ಮರೆಯಲ್ಲಿರಬೇಕು ಎಂದುಕೊಂಡ. ತನ್ನ ವಿದ್ಯೆಯ ಬಗ್ಗೆ ಅವನಿಗೇ ಗೌರವ ಹುಟ್ಟಿತು.

"ಹೆಂಗ ನಡದದ್ರಿ?" ಎಂದು ಶಾಂತಾಬಾಯಿ ಫೋನಿನಲ್ಲಿ ಕೇಳಿದಳು.

"ನಡಸೋರು ಯಾರು ಅನ್ನೋದು ನೋಡಬೇಕು," ಎಂದ ವೀರಭದ್ರ. "ಕತ್ತೆಗೋಳನ್ನ ತಂದು ಕೊಟ್ರೂ ಗುಂಪಿನಾಗ ಕುಂದ್ರಿಸಿ ಕೆಲಸಾ ತಗೀತೀನಿ. ತಗದೀನಿ."

"ಹಂಗಾರ ಲಾರಿ ಆಯ್ತಾರಕ್ಕ ಹೇಳಸ್ಲಿ?"

"ಹೇಳಸು."

ಗುರುವಾರ ಬಂದ್ ಎಂಬ ಕರೆ ಬಂದದ್ದು ಮಂಗಳವಾರ ಸಂಜೆ. ಹೆದ್ದಾರಿಯಲ್ಲಿ ಕಲ್ಲು, ಟೈರು, ಅಡುಗೆ ಎಲ್ಲ ಇರುತ್ತದೆಂದು ತಿಳಿದು, ಭೂದೇವಿ ಮೇಡಂ ಯಾರಿಗೂ ಹೇಳದೆ ಬುಧವಾರವೇ ಹೈದರಾಬಾದಿನಿಂದ ಹೊರಟು, ಹನ್ನೊಂದೂವರೆಗೆ ಜೀಪಿನಿಂದ ಇಳಿದರು. ಹೆಡ್‌ಮಾಸ್ತರರ ಕೋಣೆಯಲ್ಲಿ ವೀರಭದ್ರ ಕುರ್ಚಿಗೆ ತಲೆಯಾನಿಸಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ.

ಮೇಡಂ ಕನ್ನಡ ಬಲ್ಲವರು. ಧಾರೂರಿನ ಅಜ್ಜಿಯ ಮನೆಯಲ್ಲಿ ಕಲಿತದ್ದು. ಕನ್ನಡ ಶಾಲೆಗಳ ವಿಭಾಗ ಅವರ ಕೊರಳಿಗೆ ಬಿದ್ದದ್ದೂ ಆ ಅಜ್ಜಿಯ ದೆಸೆಯಿಂದಲೇ. ಮುಂದಿನ ವಾರ ಹೈದರಾಬಾದಿನಲ್ಲಿ ದೊಡ್ಡವರ ಸಭೆಯಿತ್ತು, ಪ್ರತಿಯೊಬ್ಬ ಅಧಿಕಾರಿಯೂ ತನ್ನ ವಿಭಾಗದ ಒಂದು ಹೊಸ ಪ್ರಯೋಗವನ್ನು ಅಲ್ಲಿ ತೋರಿಸಬೇಕಿತ್ತು. ಮೇಡಂ ಬಳಿ ತೋರಿಸಲು ಏನೂ ಇರಲಿಲ್ಲ. ಆ ಚಿಂತೆ ಅವರ ಮುಖದ ಮೇಲೆ ಕಟ್ಟುನಿಟ್ಟಿನಂತೆ ಕಾಣುತ್ತಿತ್ತು.

"ನಿಮ್ಮ ಗ್ರೂಪುಗಳು ಎಲ್ಲಿರಿ?" ಎಂದರು.

ವೀರಭದ್ರ ಕೂದಲು ಸವರಿಕೊಂಡು, ಅಂಗಿ ಎಳೆದುಕೊಂಡು, ಅವರನ್ನು ಸೈಕಲ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದ. ಅಲ್ಲಿ ಕೌಶಲ್ಯಾ ಮತ್ತು ಇನ್ನೊಬ್ಬ ಮಾಸ್ತರ ಚಾರ್ಟಿನ ಎರಡು ಬದಿಗೆ ಕೂತಿದ್ದರು. ಕಂಬದ ಮರೆಯಲ್ಲಿ ಯಾರೂ ಇರಲಿಲ್ಲ. ವೀರಭದ್ರ ಕಂಬದ ಹಿಂದೆ ಬಗ್ಗಿ ನೋಡಿದ.

"ಇಬ್ಬರೇನಾ?"

"ಇದು ಜೋಡಿ ಚಟುವಟಿಕೆ, ಮೇಡಂ," ಎಂದ ವೀರಭದ್ರ. ಅಷ್ಟು ಬೇಗ ಅಷ್ಟು ಒಳ್ಳೆಯ ಸುಳ್ಳು ಬಾಯಿಗೆ ಬಂದದ್ದಕ್ಕೆ ತಾನೇ ಬೆರಗಾದ.

ಪಡಸಾಲೆಯಲ್ಲೂ ಒಂದು ಜೋಡಿ. ಹಾಲಿನ ಹಿಂದೆಯೂ ಒಂದು ಜೋಡಿ. ಬಿಸಿಯೂಟದ ಕೋಣೆಯಲ್ಲಿ ಬೀರಣ್ಣ ಮತ್ತು ಮಾತಾಡದ ಆ ಮುದುಕರು. ನಾಯಕರಾಗಿದ್ದ ಮುದುಕರು ನೆಲದ ಮೇಲೆ ಕೂತು ತಾವೇ ಬರೆಯುತ್ತಿದ್ದರು.

"ಜೋಡಿ ಚಟುವಟಿಕೆ ಹೇಗಿದೆ?" ಎಂದು ಮೇಡಂ ಬೀರಣ್ಣನನ್ನು ಕೇಳಿದರು.

"ಜೋಡಿ ಅಲ್ರೀ, ಪಾಳಿ," ಎಂದ ಬೀರಣ್ಣ. "ನಾವು ಆರು ಮಂದಿ ಇದ್ದೀವ್ರಿ. ಈಗ ನಮ್ದು ಇಬ್ಬರ್ದು ಪಾಳಿ. ಬಾಕಿ ಮಂದಿ ಬೀಜಕ್ಕ, ಟೆಂಟಿಗಿ ಹೋಗ್ಯಾರ."

"ಯಾರು ಮಾಡಿದ್ದು ಈ ಪಾಳಿ?"

"ಶಿಲ್ಪಾ ಹಚ್ಚಿ ಕೊಟ್ಟಾಳ್ರಿ. ಛಲೋ ನಡದದ."

ವಿಕಾರಾಬಾದಿನ ಮೇಜು, ಫ್ಯಾನು, ಬಾಡಿಗೆ ಮನೆ ಎಲ್ಲ ಒಂದರ ಹಿಂದೊಂದು ವೀರಭದ್ರನ ಕಣ್ಣ ಮುಂದೆ ಹಾದು ಹೋದವು. ಮೇಡಂ ಮುಖ ಗಂಟಿಕ್ಕಿದ ಹಾಗೆ ಅವನಿಗೆ ಕಂಡಿತು. ಪುಸ್ತಕದ ಕನ್ನಡ ಬಿಟ್ಟುಹೋಯಿತು.

"ಕೇಳಿದ್ರಿಲ್ಲ ಮೇಡಂ? ಇಂಥಾ ಮಂದಿ ಇವ್ರು! ಸರಕಾರದ ಪಗಾರ ತಿಂದು ಬೀಜಕ್ಕ ಹೋಗ್ಯಾರ! ನಂಗೂ ಇದಕ್ಕೂ ಸಂಬಂಧ ಇಲ್ರಿ. ಇದರಾಗ ನಂದೊಂದು ಕೂದಲದಷ್ಟೂ ಕೈ ಇಲ್ಲ. ಎಲ್ಲಾ ಆ ಶಿಲ್ಪಾರಾಣಿದು. ಟೆಂಟಿನಾಗ ಕುಂತು ಕುಂತು ಇದೇ ಕಲ್ತಾಳ. ಆ ಮಂದಿಗಿ ಸಲಿಗಿ ಕೊಟ್ರ ಹಿಂಗೇ ಆಗ್ತದ. ಆಕ್ಷನ್ ತಗೋರಿ ನೀವು, ನಾ ಸಾಕ್ಷಿ ಹೇಳ್ತೀನಿ."

"ಆ ಮಂದಿ ಅಂದ್ರ ಯಾವ ಮಂದಿರಿ ಸರ್?"

ಶಿಲ್ಪಾರಾಣಿ ಬಾಗಿಲಲ್ಲಿ ನಿಂತಿದ್ದಳು. ಅಂದು ಟೆಂಟಿನಲ್ಲಿ ಅವಳ ಸರದಿಯೂ ಇತ್ತು, ಕೊರಳಲ್ಲಿ ಚೆಂಡುಹೂವಿನ ಹಾರ ಹಾಗೇ ಇತ್ತು. ಜೀಪು ಬಂದ ಸುದ್ದಿ ತಿಳಿದು ರಸ್ತೆ ದಾಟಿ ಬಂದಿದ್ದಳು. 'ಆ ಮಂದಿ' ಯಾರೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಮೇಡಂ," ಎಂದಳು ಅವಳು, "ಅರ್ಧಾ ತಾಸು ಕೊಡ್ರಿ. ಎಲ್ಲಾರೂ ಬರ್ತಾರ. ಬಂದ ಮ್ಯಾಲ ಏನರ ಕೇಳ್ರಿ, ಯಾರಿಗಿ ಬೇಕಾದ್ರ ಕೇಳ್ರಿ."

ಮೇಡಂಗೆ ಚಹ ಬಂತು. ಶಿಲ್ಪಾರಾಣಿಗೂ ಕೊಡಲು ಹೋದರೆ, ಉಪವಾಸ ಎಂದು ಬೇಡವೆಂದಳು. ಅವಳು ನಾಲ್ಕು ಜನಕ್ಕೆ ಫೋನು ಮಾಡಿದಳು. ಆ ನಾಲ್ವರು ಉಳಿದವರಿಗೆ ಮಾಡಿದರು. ಟೆಂಟಿಗೆ ಪತ್ರಿಕೆಯವರು ಫೋಟೋ ತೆಗೆಯಲು ಬರುತ್ತಾರೆಂದರೆ ಮಾಡುವ ವ್ಯವಸ್ಥೆಯೇ ಅದು. ಬೀಜದ ಅಂಗಡಿಯಿಂದ, ಟೆಂಟಿನಿಂದ, ಒಬ್ಬ ಕ್ಷೌರದ ಕುರ್ಚಿಯಿಂದ ಅರೆಗಡ್ಡದಲ್ಲಿ, ಮಾಸ್ತರರು ಬಂದು ಕೂಡಿದರು. ಪ್ರೇಮಕುಮಾರ ಹೆಗಲ ಮೇಲಿನ ಬೀಜದ ಚೀಲದ ಸಮೇತ ಸೈಕಲ್ ಸ್ಟ್ಯಾಂಡಿಗೆ ಬಂದ. ಮೇಡಂ ಅವನನ್ನು ಅಲ್ಲೇ ತಡೆದರು.

"ನಿಮ್ಮ ಗ್ರೂಪು ಈಗ ಏನು ಮಾಡ್ತಾ ಇದೆ?"

ಪ್ರೇಮಕುಮಾರ ಚೀಲ ಇಳಿಸಿದ. "ಒಂದೇ ಖೋಲಿಯೊಳಗ ಎರಡನೇದವ್ರು ಮೂರನೇದವ್ರು ಕೂಡಿ ಕುಂತಾಗ ಒಬ್ಬ ಮಾಸ್ತರ ಹೆಂಗ ಕಲಸಬೇಕು ಅಂತ್ರಿ. ಎರಡನೇದವ್ರಿಗಿ ಹುಣಸಿ ಬೀಜ ಕೊಟ್ಟು ಹತ್ತ್ಹತ್ತು ಕೂಡಿಡಾಕ ಹಚ್ಚೋದು, ಅಷ್ಟರಾಗ ಮೂರನೇದವ್ರಿಗಿ ಲೆಕ್ಕ ಹೇಳೋದು. ಅಲ್ಲಿತನ ಮುಂಜಾನಿ ನಾ ಎದ್ದು ಹೋಗೂ ಮೊದಲ ಆಗಿತ್ತು. ಮೂರನೇದವ್ರು ಜಲ್ದಿ ಮುಗಸಿ ಗದ್ದಲ ಹಾಕ್ತಾರಲ್ರಿ, ಅವಾಗ ಏನು ಮಾಡಬೇಕು ಅಂತ ಅಲ್ಲಿ ತಟ್ಟಿ ನಿಂತದ. ಕೌಶಲ್ಯಾ ಅಕ್ಕ ಫೋನಿನಾಗ ಹೇಳಿದ್ರು. ಮೂರನೇದವ್ರೇ ಬಂದು ಎರಡನೇದವ್ರ ಬೀಜ ಎಣಿಸಿ ಬರೋಬರಿ ಅದನೋ ಇಲ್ಲೋ ನೋಡ್ಲಿ ಅಂತ ಸೋಯಾ ಬೀಜದ ಸರದಿಯೊಳಗ ನಿಂತಾಗ ನಂಗ ಹೊಳೀತು. ಬರೀಬೇಕಂತ ಬಂದೆ."

ಅವನು ಸ್ಕೆಚ್ ಪೆನ್ನು ತೆಗೆದುಕೊಂಡು, ಕೌಶಲ್ಯಾ ನಿಲ್ಲಿಸಿದ್ದ ಸಾಲಿನ ಕೆಳಗೆ ಬರೆಯತೊಡಗಿದ. ಮೇಡಂ ಬೇರೆ ಮೂರು ಗುಂಪುಗಳಲ್ಲೂ, ಆಗಷ್ಟೇ ಬಂದವರನ್ನೇ ಹುಡುಕಿ ಕೇಳಿದರು. ಕ್ಷೌರ ಅರ್ಧವಾಗಿದ್ದವನೂ ಹೇಳಿದ. ಆಮೇಲೆ ಅವರು ವೀರಭದ್ರನ ಕಡೆ ತಿರುಗಿದರು.

"ನೀವು ಹೇಳ್ರಿ. ಈ ನಾಲ್ಕು ಗ್ರೂಪು ಎಲ್ಲೆಲ್ಲಿಗೆ ಬಂದಿವೆ?"

ವೀರಭದ್ರನಿಗೆ ಬೆಳಿಗ್ಗೆ ತಾನು ಹಲಗೆಯ ಮೇಲೆ ಬರೆದ ವಿಷಯದ ಹೆಸರೊಂದು ನೆನಪಿತ್ತು. ಅದನ್ನು ಹೇಳಿದ. ಮೇಡಂ ಇನ್ನೂ ಕಾದರು. ಅವನ ಬಳಿ ಅಷ್ಟೇ ಇತ್ತು.

ಮೇಡಂ ಮುಖದ ಕಟ್ಟುನಿಟ್ಟು ಅಲ್ಲಿಂದಾಚೆ ಇಳಿಯತೊಡಗಿತು. ಮುಂದಿನ ವಾರದ ಸಭೆಗೆ ಸಾಮಗ್ರಿ ಸಿಕ್ಕಿತ್ತು. ಮೊಬೈಲು ತೆಗೆದು ಚಾರ್ಟಿನದು, ಬೀಜದ ಚೀಲದ್ದು, ಹಾರ ಹಾಕಿಕೊಂಡ ಶಿಲ್ಪಾರಾಣಿಯದು ಫೋಟೋ ಹಿಡಿದರು. ಹಾರ ಸನ್ಮಾನದ್ದು ಎಂದು ಸಭೆಯಲ್ಲಿ ಹೇಳಿಕೊಳ್ಳಬಹುದಿತ್ತು. ಮಾಸ್ತರರು ಕೆಲಸ ತಪ್ಪಿಸಿಕೊಳ್ಳಲು ಹೂಡಿದ ಉಪಾಯಕ್ಕೆ ನಿಂತ ಕಾಲಲ್ಲೇ 'ಸರದಿ ಸಣ್ಣ ಗುಂಪು ವಿಧಾನ' ಎಂದು ನಾಮಕರಣ ಮಾಡಿ, ಅದರ ನಾಲ್ಕು ಹಂತಗಳನ್ನೂ ಬಾಯಿಪಾಠ ಹೇಳಿದರು. ನಾಲ್ಕು ಹಂತಗಳಿವೆ ಎಂದು ಅಲ್ಲಿಯವರೆಗೆ ಶಿಲ್ಪಾರಾಣಿಗೂ ತಿಳಿದಿರಲಿಲ್ಲ.

"ಮೇಡಂ," ಎಂದ ವೀರಭದ್ರ, ಮತ್ತೆ ಪುಸ್ತಕದ ಕನ್ನಡಕ್ಕೆ ಹತ್ತಿ, "ಗುಂಪುಗಳು ಯಾವ ಸ್ಥಳದಲ್ಲಾದರೂ ಕುಳಿತುಕೊಳ್ಳಬಹುದು ಎಂಬ ಸ್ವಾತಂತ್ರ್ಯವನ್ನು ಮೊದಲ ದಿನವೇ ನಾನೇ ಕೊಟ್ಟಿದ್ದೆ. ಮೂಲ ಕಲ್ಪನೆ..."

"ನಿಮ್ದು ಇದರಲ್ಲಿ ಕೂದಲಷ್ಟೂ ಕೈ ಇಲ್ಲ ಅಂದ್ರಲ್ಲ," ಎಂದರು ಮೇಡಂ, ಫೋಟೋದಿಂದ ಕಣ್ಣೆತ್ತದೆ. "ಸಾಕ್ಷಿ ಹೇಳ್ತೀನಿ ಅಂತ ಕೂಡ ಅಂದ್ರಿ."

"ಅದು ಸಿಟ್ಟಿನಾಗ..."

"ನಾವೆಲ್ಲಾ ಕೇಳೀವಲ್ರಿ ಸರ್," ಎಂದ ಬೀರಣ್ಣ, ಬಹಳ ಅನುಕಂಪದಿಂದ. "ಅಷ್ಟು ಜೋರ್ ಅಂದ್ರಿ."

ಮೇಡಂ ಜೀಪು ಹತ್ತುವ ಮುಂಚೆ ಶಿಲ್ಪಾರಾಣಿಯನ್ನು ಪಕ್ಕಕ್ಕೆ ಕರೆದು ವಿಕಾರಾಬಾದಿನ ಜಾಗದ ಮಾತೆತ್ತಿದರು. ಅಲ್ಲಿಗೆ ಬಂದರೆ ಈ ವಿಧಾನವನ್ನು ಎರಡೂ ಜಿಲ್ಲೆಗಳಿಗೆ ಹರಡಬಹುದು ಎಂದರು.

"ಬರ್ತೀನ್ರಿ," ಎಂದಳು ಅವಳು. "ಅಲ್ಲಿ ಎಲ್ಲಾರೂ ಕುಂಡ್ರೋದಾದ್ರ ಮಾತ್ರ ಬ್ಯಾಡ."

ಮೇಡಂ ನಕ್ಕರು. ಅದು ತಮಾಷೆಯೆಂದು ಅವರು ತಿಳಿದುಕೊಂಡಿದ್ದರು.

ಆದೇಶ ತಿಂಗಳ ಕೊನೆಗೆ ಬಂತು. ವಿಕಾರಾಬಾದಿನ ಜಾಗಕ್ಕೆ ಶಿಲ್ಪಾರಾಣಿಯನ್ನು ನೇಮಿಸಿದರು. ವೀರಭದ್ರ ತನ್ನ ಶಾಲೆಯ ಮೂರನೆಯ ತರಗತಿಗೆ ಹೋದ.